ವಂಶಾವಳಿಯಲ್ಲಿ ಕಳ್ಳನೋ ಕೊಲೆಗಾರನೋ ಸಿಕ್ಕಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳ ಮದುವೆ ಮಾತುಕತೆಯಲ್ಲಿ ಬೀಗರು ಬೆಡಗು, ಅಂದರೆ ಮನೆತನದ ಕುಲಮೂಲದ ಹೆಸರು, ಕೇಳಿದರು. ಅದನ್ನು ಸರಿಯಾಗಿ ಹೇಳಬೇಕೆಂದು ನಮ್ಮ ಮನೆತನದ ವಂಶಾವಳಿ ಬರೆಯಲು ಕೂತೆ. ಹದಿನೈದು ವರ್ಷವಾಯಿತು, ಇನ್ನೂ ಬರೆಯುತ್ತಲೇ ಇದ್ದೇನೆ. ನಮ್ಮದಾದ ಮೇಲೆ ನೆಂಟರದು, ನೆಂಟರದಾದ ಮೇಲೆ ಊರವರದು. ಜೈಲಿಗೆ ಹೋದವರು, ಗಲ್ಲಿಗೇರಿದವರು, ಯಾರನ್ನೋ ಹಿಡಿದುಕೊಟ್ಟರೆಂದು ಹೆಸರು ಕೆಟ್ಟವರು, ಬಡವರ ಹೊಲ ನುಂಗಿದವರು, ಎಲ್ಲ ಬಗೆಯವರೂ ಸಿಕ್ಕಿದ್ದಾರೆ. ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಇಂಥವರು ಸಿಕ್ಕಾಗ ಜನ ನನ್ನನ್ನು ಕೇಳಿದ ಪ್ರಶ್ನೆಗಳು ಇವು.

ನದಿಮೂಲ, ಋಷಿಮೂಲ ಕೆದಕಬಾರದು ಅಂತಾರೆ. ಸತ್ತವರ ಸುದ್ದಿ ಈಗ ಯಾಕೆ?

ಕೆದಕದೆ ಬಿಟ್ಟರೂ ಅದು ಮನೆಯಲ್ಲೇ ಇರುತ್ತದೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಾಕುವಾಗ ಒಳಗೆ ಐದು ಎಲೆ, ಹಿತ್ತಲ ಬಾಗಿಲ ಹೊರಗೆ ಒಂದು ಎಲೆ ಹಾಕುತ್ತಿದ್ದರು. ಒಳಗಿನ ಐದಕ್ಕೂ ಹೆಸರಿತ್ತು. ಹೊರಗಿನದಕ್ಕೆ ಇರಲಿಲ್ಲ. ಅದಕ್ಕೆ ಹೋಳಿಗೆ ಬಡಿಸುತ್ತಿದ್ದರು, ತುಪ್ಪ ಹಾಕುತ್ತಿರಲಿಲ್ಲ. ಯಾರದು ಎಂದು ಕೇಳಿದರೆ ಅಜ್ಜಿ, "ಕಾಶಿಗೆ ಹೋದವರದು" ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗುತ್ತಿದ್ದಳು. ಕಾಶಿಗೆ ಹೋದವರಿಗೆ ತುಪ್ಪ ಯಾಕಿಲ್ಲ ಎಂಬುದು ನನಗೆ ತಿಳಿದದ್ದು ಐವತ್ತರ ವಯಸ್ಸಿನಲ್ಲಿ. ಹೇಳದೆ ಉಳಿಸಿದ ಸಂಗತಿ ಮಕ್ಕಳಿಗೆ ಹೆದರಿಕೆಯಾಗಿ ಬರುತ್ತದೆ, ಯಾಕೆ ಹೆದರುತ್ತಿದ್ದೇವೆಂದು ಅವರಿಗೂ ಗೊತ್ತಿರುವುದಿಲ್ಲ. ನಾನು ಕೆದಕಿದ್ದು ಅದಕ್ಕೇ.

ಮನೆಯಲ್ಲಿ ಇಂಥದೊಂದು ಮುಚ್ಚಿಟ್ಟ ಕಥೆ ಇದೆ ಎಂದು ಹೇಗೆ ತಿಳಿಯುತ್ತದೆ?

ಮೊದಲು ಹೆಸರುಗಳನ್ನು ನೋಡಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಹಳೆಯ ರೂಢಿ. ಒಂದು ತಲೆಮಾರು ಬಿಟ್ಟು ಒಂದರಲ್ಲಿ ಅದೇ ಹೆಸರು ತಿರುಗಿ ಬರುತ್ತಿರುತ್ತದೆ. ಎಲ್ಲ ಹೆಸರೂ ತಿರುಗಿ ಬಂದು ಒಂದು ಹೆಸರು ಮಾತ್ರ ನೂರೈವತ್ತು ವರ್ಷದಲ್ಲಿ ಯಾವ ಕೂಸಿಗೂ ಇಟ್ಟಿಲ್ಲವೆಂದರೆ ಅಲ್ಲಿ ನಿಲ್ಲಿ.

ಆಮೇಲೆ ಮಾತಿನ ಧಾಟಿ. "ಕಾಶಿಗೆ ಹೋದ, ಬರಲಿಲ್ಲ", "ಸನ್ಯಾಸಿ ಆದ", "ಹಾವು ಕಡಿದು ಹೋದ", "ಅವರು ಭಾಳ ದಿನ ಇರಲಿಲ್ಲ". ಇವೆಲ್ಲ ನಿಜವೂ ಇರಬಹುದು. ಆದರೆ ಹೇಳುವವರ ದನಿ ತಟ್ಟನೆ ತಗ್ಗಿದರೆ, ಇನ್ನೊಬ್ಬರು ಚಹಾ ತರಲು ಎದ್ದರೆ, ಏನೋ ಇದೆ. ಇದ್ದಕ್ಕಿದ್ದಂತೆ ಊರು ಬಿಟ್ಟದ್ದು, ಅಡ್ಡಹೆಸರು ಬದಲಾದದ್ದು, ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಪಾಲಿಲ್ಲದಿರುವುದು, ಪಕ್ಕದ ಒಂದು ಊರಿಗೆ ಮಾತ್ರ ಹೆಣ್ಣು ಕೊಡುವುದೂ ಇಲ್ಲ ತರುವುದೂ ಇಲ್ಲ ಎಂಬ ಕಟ್ಟಳೆ, ಇವೂ ಗುರುತುಗಳೇ. ನಮ್ಮ ಮನೆಗೆ ಅಂಥ ಒಂದು ಊರಿತ್ತು. ಐದು ಮೈಲಿ ದೂರ, ಆದರೂ ಅಲ್ಲಿಯ ಜಾತ್ರೆಗೂ ನಾವು ಹೋಗುತ್ತಿರಲಿಲ್ಲ.

ಹೆಳವರನ್ನು ಕೇಳಿದರೆ ಸಿಗುತ್ತದೆಯೇ?

ಉತ್ತರ ಕರ್ನಾಟಕದವರಾದರೆ ಮೊದಲು ಅವರನ್ನೇ ಕೇಳಿ. ಮನೆತನಗಳ ವಂಶಾವಳಿ ಹೇಳುವುದೇ ಹೆಳವರ ಕುಲಕಸುಬು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬರುತ್ತಿದ್ದರು, ಅಂಗಳದಲ್ಲಿ ನಿಂತು ಮೂಲಪುರುಷನಿಂದ ಹಿಡಿದು ಹೆಸರು ಹೇಳುತ್ತಿದ್ದರು, ಕಾಳು, ಬಟ್ಟೆ, ಕೆಲವೊಮ್ಮೆ ಕರು ಪಡೆದು ಹೋಗುತ್ತಿದ್ದರು. ಈಗಲೂ ಬರುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ.

ನಮ್ಮ ಮನೆಗೆ ಬಂದ ಹೆಳವ ಅರಿವೆಯಲ್ಲಿ ಸುತ್ತಿದ ಉದ್ದನೆಯ ಪುಸ್ತಕ ಬಿಚ್ಚಿದ. ಬೆರಳಿಟ್ಟು ಓದುತ್ತ ಬಂದವನು ಒಂದು ಕಡೆ ಉಸಿರು ಹಿಡಿದು ಅಪ್ಪನ ಮುಖ ನೋಡಿದ. ಒಳಗಿನಿಂದ ಅತ್ತಿ ಕೂಗಿದಳು: "ಆ ಹೆಸರು ಬ್ಯಾಡೋ ಯಪ್ಪಾ, ಮುಂದ ಓದು." ಅವನು ಹಾಗೆಯೇ ಮಾಡಿದ. ಅವರ ಕಸುಬಿನ ಮರ್ಯಾದೆ ಅದು, ಯಜಮಾನನ ಮನೆಯ ಮಾನ ಅಂಗಳದಲ್ಲಿ ಹರಾಜು ಹಾಕುವುದಿಲ್ಲ. ಆದರೆ ಪುಸ್ತಕದಲ್ಲಿ ಹೆಸರು ಹೊಡೆದು ಹಾಕಿರಲಿಲ್ಲ. ಮರುದಿನ ಅವನು ತಂಗಿದ್ದ ಊರಿಗೆ ಹೋಗಿ ಒಬ್ಬನೇ ಕೂತು ಕೇಳಿದೆ. ಹೆಸರು ಹೇಳಿದ. "ಕರಿನೀರಿಗೆ ಹ್ವಾದವರು" ಎಂದ, ಅಂದರೆ ಕಾಳಾಪಾನಿಗೆ, ಅಂಡಮಾನಿಗೆ ಗಡಿಪಾರಾದವರು. ಅಷ್ಟು ಸಾಕಿತ್ತು.

ಒಂದು ಮಾತು ನೆನಪಿರಲಿ: ಹೆಳವರ ಪುಸ್ತಕದಲ್ಲಿ ಗಂಡಸರೇ ಹೆಚ್ಚು. ತಾಯಂದಿರ ಕಡೆಯ ಕಥೆ ಅಲ್ಲಿ ಸಿಗುವುದು ಅಪರೂಪ.

ಅದೇ ಹೆಸರಿನ ಬೇರೆಯವರೂ ಇರಬಹುದಲ್ಲ?

ಖಂಡಿತ ಇರಬಹುದು. ಅಜ್ಜನ ಹೆಸರು ಮೊಮ್ಮಕ್ಕಳಿಗೆ ಇಡುವ ಮನೆಯಲ್ಲಿ ನಾಲ್ಕು ಗಂಡುಮಕ್ಕಳಿದ್ದರೆ ನಾಲ್ವರೂ ಹಿರಿಮಗನಿಗೆ ಅದೇ ಹೆಸರಿಡುತ್ತಾರೆ. ಒಂದೇ ಊರು, ಒಂದೇ ಅಡ್ಡಹೆಸರು, ಹೆಚ್ಚುಕಡಿಮೆ ಒಂದೇ ವಯಸ್ಸಿನ ನಾಲ್ಕು ಜನ. ಆದ್ದರಿಂದ ತಂದೆಯ ಹೆಸರು ಹೊಂದದೆ ಯಾರನ್ನೂ ಕಳ್ಳನ ಪಟ್ಟಿಗೆ ಸೇರಿಸಬೇಡಿ. ಊರಿನ ಹೆಸರಲ್ಲೂ ಮೋಸ ಹೋಗುತ್ತೇವೆ, ಒಂದೇ ಹೆಸರಿನ ಊರು ಮೂರು ತಾಲ್ಲೂಕಿನಲ್ಲಿರುತ್ತದೆ. ಜಿಲ್ಲೆಗಳೂ ಬದಲಾಗಿವೆ: ಹಳೆಯ ಕಲಾದಗಿ ಜಿಲ್ಲೆಯ ಕೇಂದ್ರ 1885ರಲ್ಲಿ ವಿಜಾಪುರಕ್ಕೆ ಹೋಯಿತು, ಬಾಗಲಕೋಟೆ, ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. 'ಕಲಾದಗಿ ಜಿಲ್ಲೆ' ಎಂದು ಬರೆದದ್ದನ್ನು ಕಲಾದಗಿ ಊರು ಎಂದು ತಿಳಿದು ವರ್ಷಗಟ್ಟಲೆ ದಾರಿ ತಪ್ಪಿದವರನ್ನು ಬಲ್ಲೆ.

ದಾಖಲೆ ಎಲ್ಲಿ ಹುಡುಕಬೇಕು?

ನಿಮ್ಮ ಊರು ಆಗ ಯಾರ ಆಳ್ವಿಕೆಯಲ್ಲಿತ್ತು ಎಂಬುದರ ಮೇಲೆ ಹೋಗುತ್ತದೆ. ಹಳೆ ಮೈಸೂರು ಸಂಸ್ಥಾನದವರಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ ಮತ್ತು ಅದರ ಮೈಸೂರು ವಿಭಾಗ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದವು, ಅದಕ್ಕಾಗಿ ಮುಂಬೈ ಪತ್ರಾಗಾರಕ್ಕೆ ಹೋಗಬೇಕಾಗುತ್ತದೆ. ಬಳ್ಳಾರಿ, ದಕ್ಷಿಣ ಕನ್ನಡದವರಿಗೆ ಚೆನ್ನೈನ ಎಗ್ಮೋರ್. ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದ್. ಮುಧೋಳ, ಜಮಖಂಡಿ, ಸವಣೂರು, ಸಂಡೂರಿನಂಥ ಸಣ್ಣ ಸಂಸ್ಥಾನಗಳ ಕಾಗದಪತ್ರ ಬೇರೆ ಬೇರೆ ಕಡೆ ಚದುರಿವೆ. ಮುಂಬೈ ಕಡೆಯ ಹಳೆಯ ಕಡತಗಳಲ್ಲಿ ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ ಬರುತ್ತದೆ, ಓದಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಕೊಲೆ, ದರೋಡೆಯ ಪ್ರಕರಣ ಹೈಕೋರ್ಟಿಗೆ ಹೋಗಿದ್ದರೆ ಅಚ್ಚಾದ ತೀರ್ಪುಗಳಲ್ಲಿ ಸಿಗುವ ಸಾಧ್ಯತೆ ಇದೆ. 'ಇಂಡಿಯನ್ ಲಾ ರಿಪೋರ್ಟ್ಸ್' ಸಂಪುಟಗಳು 1876ರಿಂದ ಶುರುವಾಗುತ್ತವೆ. ಒಳ್ಳೆಯ ಗ್ರಂಥಾಲಯವಿರುವ ಹಳೆಯ ವಕೀಲರೊಬ್ಬರ ಪರಿಚಯ ಮಾಡಿಕೊಳ್ಳಿ.

ದಾಖಲೆಯಲ್ಲಿ 'ದರೋಡೆಕೋರ' ಎಂದಿದೆ. ಊರಲ್ಲಿ ಅವರ ಹೆಸರಿನ ಲಾವಣಿ ಇದೆ. ಯಾವುದನ್ನು ನಂಬಲಿ?

ಬರೆದ ಕೈ ಯಾರದು ಎಂದು ಮೊದಲು ಕೇಳಿಕೊಳ್ಳಿ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ಕಂಪನಿ ಸರ್ಕಾರಕ್ಕೆ ಅವನು ಬಂಡುಕೋರ, ಕಚೇರಿ ಸುಟ್ಟವ, ಖಜಾನೆ ದೋಚಿದವ. ಅವನ ಸಮಾಧಿಯ ಆಲದ ಮರಕ್ಕೆ ಇವತ್ತಿಗೂ ಹೆಂಗಸರು ಮಗುವಿಗಾಗಿ ತೊಟ್ಟಿಲು ಕಟ್ಟುತ್ತಾರೆ. ಮುಧೋಳ ಸೀಮೆಯ ಹಲಗಲಿಯ ಬೇಡರು 1857ರ ಕೊನೆಯಲ್ಲಿ ಆಯುಧ ಒಪ್ಪಿಸುವುದಿಲ್ಲ ಎಂದು ನಿಂತರು. ಊರಿಗೆ ಬೆಂಕಿ ಬಿತ್ತು, ಹಿಡಿದವರಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಅವರ ಲಾವಣಿಯನ್ನು ಅಪರಾಧಿಗಳ ಕಥೆಯೆಂದು ಯಾರೂ ಹಾಡಲಿಲ್ಲ.

ನನಗೆ ಇನ್ನೂ ಹೆಚ್ಚು ಕಲಿಸಿದ್ದು 1837ರ ಅಮರ ಸುಳ್ಯದ ದಂಗೆ. ಕೊಡಗಿನ ಗಡಿಯಿಂದ ಹೊರಟವರು ಮಂಗಳೂರನ್ನು ಹಿಡಿದು ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿ ಹದಿಮೂರು ದಿನ ಇಟ್ಟುಕೊಂಡಿದ್ದರು. ದಂಗೆ ಅಡಗಿದ ಮೇಲೆ ಕಲ್ಯಾಣಸ್ವಾಮಿ, ಕಲ್ಯಾಣಪ್ಪ ಎಂದು ಹೆಸರಾದ ಮುಂದಾಳನ್ನು ಮಂಗಳೂರಿನಲ್ಲಿ, ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಆ ಸೀಮೆಯ ಹಿರಿಯರ ಬಾಯಲ್ಲಿ ಅದರ ಹೆಸರು 'ಕಲ್ಯಾಣಪ್ಪನ ಕಾಟಕಾಯಿ'. ಕಾಟಕಾಯಿ ಎಂದರೆ ಸುಲಿಗೆ, ಲೂಟಿ. ಈಗ ಅದನ್ನೇ ಸ್ವಾತಂತ್ರ್ಯ ಹೋರಾಟವೆನ್ನುತ್ತೇವೆ. ದಂಗೆಯ ಇನ್ನೊಬ್ಬ ಮುಂದಾಳು ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ 2022ರಲ್ಲಿ ಮಂಗಳೂರಿನಲ್ಲಿ ನಿಂತಿತು. ಗಲ್ಲಿಗೇರಿದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು 'ಕಾಟಕಾಯಿಯವರ ಮನೆ' ಎನ್ನಿಸಿಕೊಂಡು ಬಾಳಿದ ಕಾಲ ಎಷ್ಟು ಉದ್ದದ್ದು ಎಂದು ಯೋಚಿಸಿ. ಅದೇ ಹೊತ್ತಿಗೆ, ಆ ಗದ್ದಲದಲ್ಲಿ ಯಾರದೋ ಮನೆಯ ಬತ್ತ ಹೋಗಿದ್ದರೆ ಅವರ ಮೊಮ್ಮಕ್ಕಳ ಬಾಯಲ್ಲಿ ಕಾಟಕಾಯಿ ಎಂಬ ಮಾತು ಉಳಿದದ್ದು ತಪ್ಪೆನ್ನಲಾರೆ. ಎರಡನ್ನೂ ಬರೆಯಬೇಕು.

ಒಬ್ಬರನ್ನಲ್ಲ, ನಮ್ಮ ಇಡೀ ಕುಲವನ್ನೇ ಅಪರಾಧಿಗಳೆಂದು ಬರೆದಿದ್ದಾರೆ. ಇದನ್ನು ಹೇಗೆ ತೆಗೆದುಕೊಳ್ಳಲಿ?

ಆ ಬರಹವನ್ನು ನಿಮ್ಮ ಹಿರಿಯರ ಮೇಲಿನ ಸಾಕ್ಷಿಯೆಂದು ತೆಗೆದುಕೊಳ್ಳಲೇಬೇಡಿ. ಅದು ಬರೆದ ಸರ್ಕಾರದ ಮೇಲಿನ ಸಾಕ್ಷಿ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೂಸು ತೊಟ್ಟಿಲಲ್ಲಿರುವಾಗಲೇ ಅದನ್ನು ಕಳ್ಳನೆಂದು ಗಣಿಸಿತು. 1911ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಗಂಟಿಚೋರರು, ಕೊರಮರು, ಹರಣಶಿಕಾರಿಗಳು ಹೀಗೆ ಎಷ್ಟೋ ಸಮುದಾಯದವರನ್ನು ರಿಜಿಸ್ಟರಿಗೆ ಹಚ್ಚಿ ಹೆಬ್ಬೆಟ್ಟಿನ ಗುರುತು ತೆಗೆದುಕೊಂಡರು. ಹುಬ್ಬಳ್ಳಿ, ಗದಗ-ಬೆಟಗೇರಿ, ವಿಜಯಪುರದಲ್ಲಿ ತಂತಿಬೇಲಿಯ ಒಳಗೆ ಇಟ್ಟರು. ದಿನವೂ ಹಾಜರಿ, ಊರು ಬಿಟ್ಟು ಹೋಗಬೇಕಾದರೆ ಪಾಸು. ಹುಬ್ಬಳ್ಳಿಯಲ್ಲೂ ಗದಗಿನಲ್ಲೂ ಆ ಓಣಿಗಳನ್ನು ಜನ ಇವತ್ತಿಗೂ 'ಸೆಟ್ಲಮೆಂಟ್' ಎಂದೇ ಕರೆಯುತ್ತಾರೆ.

1952ರ ಆಗಸ್ಟ್ 31ರಂದು ಆ ಕಾಯ್ದೆ ಹೋಯಿತು. ಅಂದಿನಿಂದ ಅವರು ವಿಮುಕ್ತರು. ರಿಜಿಸ್ಟರಿನಲ್ಲಿ ನಿಮ್ಮ ಅಜ್ಜನ ಹೆಸರಿದ್ದರೆ, ಅದು ಕಳವು ಮಾಡಿದ್ದಕ್ಕೆ ಬಂದದ್ದೋ ಆ ಕುಲದಲ್ಲಿ ಹುಟ್ಟಿದ್ದಕ್ಕೆ ಬಂದದ್ದೋ ನೋಡಿ. ಶಿಕ್ಷೆಯ ಅಂಕಣ ಖಾಲಿ ಇದ್ದರೆ ಹುಟ್ಟಿದ್ದಕ್ಕೆ ಎಂದೇ ಅರ್ಥ. ಅದನ್ನು ವಂಶಾವಳಿಯಲ್ಲಿ ಇದ್ದ ಹಾಗೆ ಬರೆಯಿರಿ: "ಯಾವ ಅಪರಾಧವೂ ಇಲ್ಲದೆ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಬೇಲಿಯೊಳಗೆ ಇಟ್ಟಿದ್ದರು." ಈ ಪ್ರಶ್ನೆ ಕೇಳಿದ ಹುಡುಗನೊಬ್ಬ ತನ್ನ ಅಜ್ಜಿಯ ಪಾಸನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟುಕೊಂಡು ಬಂದಿದ್ದ. ತವರಿಗೆ ಎರಡು ದಿನ ಹೋಗಿಬರಲು ಕೊಟ್ಟ ಪಾಸು.

ನಮ್ಮವರು ನಿಜವಾಗಿಯೂ ಕಳ್ಳರೇ ಆಗಿದ್ದರು. ಬ್ರಿಟಿಷರ ಕಾಲದ ಸಂಗತಿಯಾದ್ದರಿಂದ ಸ್ವಾತಂತ್ರ್ಯ ಹೋರಾಟಗಾರ ಎಂದು ಬರೆದರೆ ತಪ್ಪೇ?

ತಪ್ಪು. ಇದು ನಮ್ಮ ಮನೆಯಲ್ಲೇ ಜಗಳಕ್ಕೆ ಕಾರಣವಾದ ಸಂಗತಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೆಳವ ಕೊಟ್ಟ ಹೆಸರು ಹಿಡಿದು ಮೂರು ವರ್ಷ ಅಲೆದ ಮೇಲೆ ಒಂದು ಪತ್ರಾಗಾರದಲ್ಲಿ ಕೈದಿಗಳ ಪಟ್ಟಿಯ ಒಂದು ಹಾಳೆ ಸಿಕ್ಕಿತು. ಅಂಚು ಇರುವೆ ತಿಂದ ಹಾಗೆ ಉದುರುತ್ತಿತ್ತು. ನಮ್ಮ ಅಜ್ಜನ ಅಜ್ಜನ ಹೆಸರು, ತಂದೆಯ ಹೆಸರು, ಊರು, ವಯಸ್ಸು 27. ಗುರುತು: ಎಡಹುಬ್ಬಿನ ಮೇಲೆ ಗಾಯದ ಕಲೆ. ಅಪರಾಧ: ಕೊಲೆಯೊಂದಿಗೆ ದರೋಡೆ. ಶಿಕ್ಷೆ: ಜೀವಾವಧಿ ಗಡಿಪಾರು. ವರ್ಷ 1877. ಜೋಳದ ಬಂಡಿ ತಡೆದು ದೋಚಿದ್ದು, ಬಂಡಿ ಹೊಡೆಯುವವನು ಸತ್ತದ್ದು. ಬಂಡಿ ಯಾವ ಊರಿನದೆಂದು ಓದಿದಾಗ ಕೈ ತಣ್ಣಗಾಯಿತು. ಅದೇ ಊರು, ನಾವು ಜಾತ್ರೆಗೂ ಹೋಗದ ಆ ಊರು.

ಕಾಕಾ ಕೇಳಿದ ಕೂಡಲೇ ಹಿಗ್ಗಿದರು. "ಇಂಗ್ರೇಜರು ಕರಿನೀರಿಗೆ ಕಳಿಸ್ಯಾರ ಅಂದ್ರ ನಮ್ಮ ಮುತ್ಯಾ ಕ್ರಾಂತಿಕಾರಿನೇ. ಬೋರ್ಡ್ ಬರಸೂಣು." ನಾನು ಒಪ್ಪಲಿಲ್ಲ. ಒಂದು ವರ್ಷ ಅವರು ನನ್ನ ಜೊತೆ ಮಾತಾಡಲಿಲ್ಲ. ಬಂಡಿಯವನು ಇಂಗ್ರೇಜನಲ್ಲ, ಸಾಹುಕಾರನೂ ಅಲ್ಲ, ಬಾಡಿಗೆಗೆ ಬಂಡಿ ಹೂಡಿದ ಒಬ್ಬ ರೈತ. ಅವನನ್ನು ಕೊಂದದ್ದಕ್ಕೆ ನಾವು ಹಾರ ಹಾಕಿದರೆ ಅವನು ಎರಡನೆಯ ಸಲ ಸತ್ತ ಹಾಗೆ.

ಹಾಗೆಂದು 1877 ಎಂಬುದನ್ನು ಬಿಟ್ಟು ಬರೆದರೂ ಸುಳ್ಳಾಗುತ್ತದೆ. ಅದು ಧಾತು-ಈಶ್ವರ ಸಂವತ್ಸರಗಳ ಬರ. 1876ರಿಂದ 78ರವರೆಗೆ ಧಾರವಾಡ, ಬೆಳಗಾವಿ, ಕಲಾದಗಿ, ಬಳ್ಳಾರಿ, ಮೈಸೂರು ಎಲ್ಲ ಕಡೆ ಜನ ದಾರಿಯಲ್ಲೇ ಬಿದ್ದು ಸತ್ತರು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಜನ 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿದ್ದರು. ಬಂಡಿಯಲ್ಲಿ ಇದ್ದದ್ದು ಚಿನ್ನವಲ್ಲ, ಜೋಳ. ಹಸಿವು ಕಾರಣವಾಗಿರಬಹುದು, ಆದರೆ ಬಂಡಿಯವನ ಮನೆಯಲ್ಲೂ ಅದೇ ಹಸಿವಿತ್ತು. ನಾನು ಈ ಎರಡು ಮಾತನ್ನೂ ಒಂದರ ಕೆಳಗೊಂದು ಬರೆದಿದ್ದೇನೆ.

ಕಾಳಾಪಾನಿಗೆ ಹೋದವರು ಆಮೇಲೆ ಏನಾದರು?

ಎಲ್ಲರೂ ಅಲ್ಲೇ ಸತ್ತರು ಎಂದು ತಿಳಿಯಬೇಡಿ. ಅಂಡಮಾನಿನ ಕೈದಿಗಳ ವಸಾಹತು ಶುರುವಾದದ್ದು 1858ರ ಮಾರ್ಚಿನಲ್ಲಿ. ನಾವು ಚಿತ್ರದಲ್ಲಿ ನೋಡುವ ಸೆಲ್ಯುಲಾರ್ ಜೈಲು ಮುಗಿದದ್ದು 1906ರಲ್ಲಿ, ಅದಕ್ಕಿಂತ ಮುಂಚೆ ಹೋದವರು ಆ ಗೋಡೆಗಳನ್ನು ಕಂಡಿರಲಿಕ್ಕಿಲ್ಲ. ಅವರು ಕಾಡು ಕಡಿದರು, ರಸ್ತೆ ಹಾಕಿದರು. ಕೊರಳಲ್ಲಿ ಮರದ ಬಿಲ್ಲೆ, ಅದರ ಮೇಲೆ ನಂಬರು. ವರ್ಷಗಳು ಕಳೆದು ನಡತೆ ಒಳ್ಳೆಯದಿದ್ದರೆ ತುಂಡು ಜಮೀನು ಕೊಟ್ಟು ಸ್ವಂತ ದುಡಿದು ತಿನ್ನಲು ಬಿಡುತ್ತಿದ್ದರು, ಹೆಣ್ಣು ಕೈದಿಗಳನ್ನು ಅಪ್ಪಣೆ ಪಡೆದು ಮದುವೆಯಾಗಬಹುದಿತ್ತು. ಅವರ ಮಕ್ಕಳು ಮೊಮ್ಮಕ್ಕಳನ್ನು ಪೋರ್ಟ್ ಬ್ಲೇರಿನಲ್ಲಿ (ಈಗ ಶ್ರೀ ವಿಜಯಪುರಂ) 'ಲೋಕಲ್ ಬಾರ್ನ್' ಎನ್ನುತ್ತಾರೆ, ಮನೆಮಾತು ಹಿಂದೂಸ್ಥಾನಿ. ನಿಮಗೆ ಅಲ್ಲಿ ದಾಯಾದಿಗಳು ಇರಬಹುದು. 1858ಕ್ಕೂ ಹಿಂದಿನ ಗಡಿಪಾರಾದರೆ ಸಿಂಗಾಪುರ, ಪಿನಾಂಗ್, ಮಾರಿಷಸ್ ಕಡೆ ನೋಡಿ. ಸಿಂಗಾಪುರದ ಸೇಂಟ್ ಆಂಡ್ರೂಸ್ ಚರ್ಚನ್ನು ಕಟ್ಟಿದ್ದು ಭಾರತದಿಂದ ಹೋದ ಕೈದಿಗಳ ಕೈಗಳು.

ನಮ್ಮ ಮನೆಯನ್ನು ಊರವರು 'ಹಿಡಿದುಕೊಟ್ಟವರ ಮನೆ' ಅನ್ನುತ್ತಾರೆ. ಇದಕ್ಕಿಂತ ಕಳ್ಳನೇ ವಾಸಿ ಅನ್ನಿಸುತ್ತದೆ.

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮ ಜನ ಕಳ್ಳನನ್ನು ಕ್ಷಮಿಸುತ್ತಾರೆ, ದ್ರೋಹಿಯನ್ನು ಕ್ಷಮಿಸುವುದಿಲ್ಲ. ಕಿತ್ತೂರಿನ ಮಲ್ಲಪ್ಪಶೆಟ್ಟಿ, ವೆಂಕಟರಾಯ, ಶ್ರೀರಂಗಪಟ್ಟಣದ ಮೀರ್ ಸಾದಿಕ್, ಈ ಹೆಸರುಗಳು ಬೈಗುಳವೇ ಆಗಿಹೋಗಿವೆ. 1922ರಲ್ಲಿ ಪೊಲೀಸರ ಗುಂಡಿಗೆ ಬಿದ್ದ ಬಂಡುಕೋರ ಸಿಂಧೂರ ಲಕ್ಷ್ಮಣನನ್ನು ಊಟಕ್ಕೆ ಕರೆದು ಕೊಲ್ಲಿಸಿದರು ಎಂದು ಆಟಗಳಲ್ಲಿ ತೋರಿಸುವಾಗ ಜನ ಕಣ್ಣೀರು ಹಾಕುತ್ತಾರೆ.

ಆದರೆ ಆಟ ಕಟ್ಟುವವರಿಗೆ ಒಬ್ಬ ದ್ರೋಹಿ ಬೇಕೇ ಬೇಕು, ಆ ಪಾತ್ರಕ್ಕೆ ಊರಿನ ಯಾವುದಾದರೂ ಮನೆಯ ಹೆಸರು ಅಂಟಿಕೊಳ್ಳುತ್ತದೆ. ಪರೀಕ್ಷಿಸಿ ನೋಡುವ ದಾರಿ ಇದೆ. ಹಿಡಿದುಕೊಟ್ಟವರಿಗೆ ಕಂಪನಿ ಸರ್ಕಾರ ಇನಾಮು ಕೊಡುತ್ತಿತ್ತು. ಮುಂಬೈ ಪ್ರಾಂತ್ಯದಲ್ಲಿ 1852ರ ಕಾಯ್ದೆಯಂತೆ ಇನಾಂ ಕಮಿಷನ್ ಬಂದು ಯಾರಿಗೆ ಯಾವ ಜಮೀನು ಯಾವ ಕಾರಣಕ್ಕೆ ಸಿಕ್ಕಿತೆಂದು ಕೆದಕಿ ಕೆದಕಿ ಬರೆಸಿತು. ನಿಮ್ಮ ಜಮೀನಿನ ಮೂಲ ಅಲ್ಲಿ ನೋಡಿ. ಇನಾಮು ಆ ಘಟನೆಗಿಂತ ಮೂರು ತಲೆಮಾರು ಹಿಂದಿನದೆಂದು ತಿಳಿದು ಒಬ್ಬ ಹಿರಿಯರು ನನ್ನೆದುರು ಮಗುವಿನ ಹಾಗೆ ಅತ್ತಿದ್ದಾರೆ. ಇನ್ನೊಬ್ಬರಿಗೆ ಊರವರ ಮಾತೇ ನಿಜವೆಂದು ತಿಳಿಯಿತು. ಅವರು ಏನೂ ಮಾತಾಡದೆ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಅಜ್ಜ ಬಡ್ಡಿ ವ್ಯವಹಾರ ಮಾಡಿ ಬಡವರ ಹೊಲ ಹೊಡೆದಿದ್ದರಂತೆ. ಆ ಹೊಲ ಈಗ ನಮ್ಮ ಹೆಸರಲ್ಲಿದೆ. ಏನು ಮಾಡಬೇಕು?

ಬಂದೂಕು ಹಿಡಿದವರಿಗಿಂತ ಲೇಖನಿ ಹಿಡಿದವರಿಂದ ನಮ್ಮ ಹಳ್ಳಿಗಳಲ್ಲಿ ಹೆಚ್ಚು ಮನೆ ಹಾಳಾಗಿವೆ ಎಂದು ನನ್ನ ಖಚಿತ ಅಭಿಪ್ರಾಯ. ಇಂತಿಷ್ಟು ವರ್ಷದಲ್ಲಿ ಸಾಲ ತೀರದಿದ್ದರೆ ಹೊಲ ಸಾಹುಕಾರನದು ಎಂಬ ಕರಾರಿಗೆ ಓದುಬರಹ ಬಾರದವರ ಹೆಬ್ಬೆಟ್ಟು ಒತ್ತಿಸುವುದು, ತೀರಿಸಿದರೂ ಪಾವತಿ ಕೊಡದಿರುವುದು, ಜೀತಕ್ಕೆ ಮಗನನ್ನು ಬರೆಸಿಕೊಳ್ಳುವುದು. ಇಂಥವರು ಜೈಲಿಗೆ ಹೋಗಲಿಲ್ಲ, ಆದ್ದರಿಂದ 'ಕುಖ್ಯಾತರ' ಪಟ್ಟಿಯಲ್ಲಿ ಸಿಗುವುದಿಲ್ಲ. ಗೋಡೆಯ ಮೇಲೆ ರುಮಾಲು ಸುತ್ತಿದ ಫೋಟೋ ಆಗಿ ಇರುತ್ತಾರೆ.

ಹಳೆಯ ಪಹಣಿ, ಮ್ಯುಟೇಶನ್, ಸಬ್ ರಿಜಿಸ್ಟ್ರಾರ್ ಕಚೇರಿಯ ಖರೀದಿ ಪತ್ರ ಮೂರನ್ನೂ ಜೊತೆಗಿಟ್ಟು ಓದಿ. ಒಂದೇ ಬರಗಾಲದ ಎರಡು ಮೂರು ವರ್ಷದಲ್ಲಿ ಹತ್ತು ಹದಿನೈದು ಸರ್ವೇ ನಂಬರು ಒಬ್ಬರ ಹೆಸರಿಗೆ ಬಂದಿದ್ದರೆ ಕಥೆ ತಾನಾಗಿ ತಿಳಿಯುತ್ತದೆ. ಕಾನೂನಿನಲ್ಲಿ ಹೆಚ್ಚಿನ ಇಂಥ ವ್ಯವಹಾರಗಳಿಗೆ ಕಾಲಮಿತಿ ಮುಗಿದಿದೆ. ಆದರೆ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಹಾಗಲ್ಲ, 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅಂಥ ಪರಭಾರೆಯನ್ನು ರದ್ದು ಮಾಡಿ ಮೂಲದವರಿಗೆ ಕೊಡಿಸುತ್ತದೆ. ಇಂಥ ಜಮೀನು ನಿಮ್ಮಲ್ಲಿದ್ದರೆ ನೋಟಿಸ್ ಬರುವವರೆಗೆ ಕಾಯುವ ಬದಲು ನೀವೇ ವಕೀಲರ ಬಳಿ ಹೋಗಿ.

ಕಾನೂನು ಬಿಟ್ಟು ಕೇಳುವುದಾದರೆ, ನನಗೆ ಗೊತ್ತಿರುವ ಒಂದು ಮನೆಯವರು ಕೆರೆಯ ಕೆಳಗಿನ ಎರಡು ಎಕರೆಯನ್ನು ಹಳೆಯ ಮಾಲೀಕನ ಮೊಮ್ಮಗಳಿಗೆ ದಾನಪತ್ರ ಮಾಡಿ ಕೊಟ್ಟರು. ಆಕೆ ಆ ಹೊಲದಲ್ಲೇ ಕೂಲಿಗೆ ಬರುತ್ತಿದ್ದಳು. ಎಲ್ಲರೂ ಹೀಗೆ ಮಾಡಲಿ ಎಂದು ಹೇಳುವ ಅಧಿಕಾರ ನನಗಿಲ್ಲ. ಫೋಟೋಕ್ಕೆ 'ದಾನಶೂರ' ಎಂದು ಹೆಸರು ಬರೆಸುವುದನ್ನಾದರೂ ನಿಲ್ಲಿಸಿ ಎಂದು ಹೇಳಬಲ್ಲೆ.

ಮುತ್ತಜ್ಜಿ ದೇವದಾಸಿ ಆಗಿದ್ದರೆಂದು ತಿಳಿಯಿತು. ಅಪ್ಪ ಹೆಸರೇ ಬರೆಯಬೇಡ ಅನ್ನುತ್ತಾರೆ.

ಬರೆಯಿರಿ. ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆಕೆ ಯಾರಿಗೂ ಕೇಡು ಮಾಡಿದವಳಲ್ಲ, ಅವಳನ್ನು ಎಳೆಯ ವಯಸ್ಸಿನಲ್ಲಿ ಮುತ್ತು ಕಟ್ಟಿ ಬಿಟ್ಟವರು ಬೇರೆಯವರು. ಅಪಕೀರ್ತಿ ಮಾತ್ರ ಅವಳ ತಲೆಗೆ ಬಂತು. ಮೈಸೂರು ಸಂಸ್ಥಾನ 1909ರಲ್ಲಿ ದೇವಸ್ಥಾನಗಳಲ್ಲಿ ಈ ಸೇವೆಯನ್ನು ನಿಲ್ಲಿಸಿತು. ಮುತ್ತು ಕಟ್ಟುವುದೇ ಅಪರಾಧವೆಂದು ಕರ್ನಾಟಕ ಕಾಯ್ದೆ ಮಾಡಿದ್ದು 1982ರಲ್ಲಿ. ಮನೆ ನಡೆಸಿದ್ದು, ಮಕ್ಕಳನ್ನು ಓದಿಸಿದ್ದು, ಹಾಡುಗಾರಿಕೆ ಉಳಿಸಿದ್ದು ಎಷ್ಟೋ ಕಡೆ ಇಂಥ ತಾಯಂದಿರೇ. ಹಳೆಯ ದೇವಾಲಯದ ಶಾಸನಗಳಲ್ಲಿ ದೀಪಕ್ಕೆಂದು ದತ್ತಿ ಬಿಟ್ಟ ಇಂಥ ಹೆಂಗಸರ ಹೆಸರುಗಳು ಕಲ್ಲಿನಲ್ಲಿ ನಿಂತಿವೆ. ಕಲ್ಲಿನಲ್ಲಿ ಬರೆಯಲು ನಾಚದವರು ಕಾಗದದಲ್ಲಿ ಬರೆಯಲು ಯಾಕೆ ನಾಚಬೇಕು?

ಅಪ್ಪ ಬದುಕಿರುವವರೆಗೆ ಅದನ್ನು ನೆಂಟರಿಗೆಲ್ಲ ಹಂಚಬೇಡಿ ಎಂದಷ್ಟೇ ಹೇಳುತ್ತೇನೆ. ಅವರ ಬಾಲ್ಯದಲ್ಲಿ ಶಾಲೆಯ ಹುಡುಗರು ಏನೆಂದು ಕರೆದಿದ್ದರೋ ನಮಗೆ ಗೊತ್ತಿಲ್ಲ.

ಇದು ರಕ್ತದಲ್ಲಿ ಬರುತ್ತದೆಯೇ?

ಇಲ್ಲ. ಅಜ್ಜ-ಅಜ್ಜಿಯರ ಅಜ್ಜ-ಅಜ್ಜಿಯರು ಒಟ್ಟು ಹದಿನಾರು ಜನ. ಒಬ್ಬ ಬಂಡಿ ದೋಚಿದ. ಉಳಿದ ಹದಿನೈದು ಜನ ಉತ್ತರು, ಬಿತ್ತಿದರು, ನೇಯ್ದರು, ಹೆತ್ತರು. ಹುಟ್ಟಿನಿಂದ ಕಳ್ಳತನ ಬರುತ್ತದೆಂಬ ನಂಬಿಕೆಯಿಂದಲೇ 1871ರ ಆ ಕಾಯ್ದೆ ಹುಟ್ಟಿದ್ದು.

ಪಿತೃದೋಷ ಎಂದು ಜೋಯಿಸರು ಹೇಳಿದ್ದಾರೆ. ಪೂಜೆ ಮಾಡಿಸಬೇಕೇ?

ಮಾಡಿದ್ದುಣ್ಣೋ ಮಹಾರಾಯ ಎಂಬುದು ನಮ್ಮ ಹಿರಿಯರ ಮಾತು, ಮಾಡಿದವನೇ ಉಣ್ಣಬೇಕು. ಮನಸ್ಸಿನ ಸಮಾಧಾನಕ್ಕೆ ನಿಮ್ಮ ಪದ್ಧತಿಯಂತೆ ಶ್ರಾದ್ಧ, ಎಡೆ, ಅನ್ನದಾನ ಏನಾದರೂ ಮಾಡಿ. ಆದರೆ ಮನೆಯ ಗುಟ್ಟು ಕೇಳಿದ ಮೇಲೆ ಖರ್ಚಿನ ಪಟ್ಟಿ ಉದ್ದವಾಗುತ್ತ ಹೋದರೆ ಎದ್ದು ಬನ್ನಿ.

ಕಾನೂನಿನ ತೊಂದರೆ ಏನಾದರೂ ಇದೆಯೇ?

ಪೂರ್ವಜರ ಅಪರಾಧದಿಂದ ನಿಮ್ಮ ನೌಕರಿಗೋ ಪಾಸ್‌ಪೋರ್ಟಿಗೋ ಏನೂ ಆಗುವುದಿಲ್ಲ. ಅಪ್ಪ-ಅಜ್ಜನ ಸಾಲವನ್ನು ಮಕ್ಕಳು ತೀರಿಸಲೇಬೇಕೆಂಬ ಹಳೆಯ ಹಿಂದೂ ಕಾನೂನಿನಲ್ಲೂ ಅಧರ್ಮದ ಸಾಲಕ್ಕೆ ವಿನಾಯಿತಿ ಇತ್ತು. 2005ರ ತಿದ್ದುಪಡಿಯ ನಂತರದ ಸಾಲಗಳಿಗೆ ಆ ಧಾರ್ಮಿಕ ಹೊಣೆಯೇ ಇಲ್ಲ. ಆಸ್ತಿಗಾಗಿ ಕೊಲೆ ನಡೆದ ಮನೆಗಳವರು ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಂ ಓದಿಕೊಳ್ಳಿ, ಕೊಂದವನಿಗೆ ಕೊಲೆಯಾದವನ ಆಸ್ತಿಯಲ್ಲಿ ಹಕ್ಕಿಲ್ಲ.

ಬರೆಯುವಾಗ ಮಾತ್ರ ಎಚ್ಚರ ಬೇಕು. ಸತ್ತವರ ಬಗ್ಗೆ ಬರೆದದ್ದೂ, ಅವರ ಮನೆಯವರ ಮನಸ್ಸು ನೋಯಿಸಬೇಕೆಂದೇ ಬರೆದಿದ್ದರೆ, ಮಾನನಷ್ಟವಾಗಬಹುದು; ಹಳೆಯ ದಂಡಸಂಹಿತೆಯಲ್ಲೂ ಈಗಿನ ನ್ಯಾಯಸಂಹಿತೆಯಲ್ಲೂ ಇದು ಇದೆ. ನಿಮ್ಮ ಮನೆಯವರ ಬಗ್ಗೆ ಬರೆಯುವಾಗ ಜೊತೆಯಲ್ಲಿ ಸಿಕ್ಕಿಬಿದ್ದ ಬೇರೆ ಮನೆಯವರ ಹೆಸರು ಬಿಟ್ಟುಬಿಡಿ. ನಮ್ಮ ಹಾಳೆಯಲ್ಲಿ ಇನ್ನೂ ನಾಲ್ಕು ಹೆಸರುಗಳಿದ್ದವು. ಅವನ್ನು ನಾನು ಯಾರಿಗೂ ಹೇಳಿಲ್ಲ.

ಆಸ್ಟ್ರೇಲಿಯಾದಲ್ಲಿ ನಮ್ಮ ನೆರೆಯವರು 'ನಮ್ಮಜ್ಜ ಕೈದಿಯಾಗಿ ಬಂದವನು' ಎಂದು ಹೆಮ್ಮೆಯಿಂದ ಹೇಳುತ್ತಾರೆ. ನಮಗೇಕೆ ಆಗುವುದಿಲ್ಲ?

ಅವರಲ್ಲೂ ತಲೆಮಾರುಗಟ್ಟಲೆ ಮುಚ್ಚಿಟ್ಟಿದ್ದರು. 1788ರಿಂದ 1868ರವರೆಗೆ ಸುಮಾರು 1,62,000 ಕೈದಿಗಳನ್ನು ಅಲ್ಲಿಗೆ ಸಾಗಿಸಿದ್ದರಿಂದ ಅದು ಊರಿಗೆಲ್ಲ ಸಮಾನವಾದ ಕಥೆಯಾಯಿತು. ಇನ್ನೊಂದು ವ್ಯತ್ಯಾಸವಿದೆ: ಅಲ್ಲಿ ಕದ್ದವರ ಮಕ್ಕಳು, ಕಳೆದುಕೊಂಡವರ ಮಕ್ಕಳು ಬೇರೆ ಬೇರೆ ಖಂಡದಲ್ಲಿದ್ದಾರೆ. ನಮ್ಮಲ್ಲಿ ಒಂದೇ ಬಸ್ಸಿನಲ್ಲಿ ಸಂತೆಗೆ ಹೋಗುತ್ತಾರೆ.

ಮನೆಯ ಹಿರಿಯರಿಗೆ, ಮಕ್ಕಳಿಗೆ ಹೇಗೆ ಹೇಳಬೇಕು?

ಹಿರಿಯರಿಗೆ ಒಬ್ಬೊಬ್ಬರಿಗೇ ಹೇಳಿ. ಮದುವೆ ಮನೆಯಲ್ಲಿ, ಎಲ್ಲರೆದುರು, ವಾಟ್ಸಾಪ್ ಗುಂಪಿನಲ್ಲಿ ಬೇಡ. ಹೆಚ್ಚಿನ ಸಲ ಅವರಿಗೆ ಮೊದಲೇ ಗೊತ್ತಿರುತ್ತದೆ. ಅತ್ತಿಯ ಮುಂದೆ ಹಾಳೆಯ ನಕಲು ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ: "ಹುಬ್ಬಿನ ಮ್ಯಾಲೆ ಕಲೆ ಇತ್ತಂತ ಬರದಾರೇನು?" ಹೌದು ಎಂದೆ. "ಎತ್ತು ಹಾದಿತ್ತಂತ ಸಣ್ಣವ ಇದ್ದಾಗ. ನಮ್ಮಾಯಿ ಹೇಳತಿದ್ಲು" ಎಂದಳು. ನೂರೈವತ್ತು ವರ್ಷ ಹೆಸರು ಹೇಳದ ಮನೆಯಲ್ಲಿ ಹುಬ್ಬಿನ ಕಲೆಯ ನೆನಪು ಹೆಂಗಸರ ಬಾಯಿಂದ ಬಾಯಿಗೆ ಉಳಿದು ಬಂದಿತ್ತು.

ಮಕ್ಕಳು ನಮಗಿಂತ ಗಟ್ಟಿ. ಹತ್ತು ಹನ್ನೆರಡು ವರ್ಷವಾದವರಿಗೆ ನೇರವಾಗಿ ಹೇಳಬಹುದು. ಬಣ್ಣ ಹಚ್ಚಬೇಡಿ, ಆ ಕಡೆಯವರ ಕಥೆಯನ್ನೂ ಸೇರಿಸಿ ಹೇಳಿ.

ಕೊನೆಗೆ ವಂಶಾವಳಿಯಲ್ಲಿ ಏನೆಂದು ಬರೆಯಬೇಕು? ಎಡೆ ಹಾಕಬೇಕೇ ಬೇಡವೇ?

ವಿಶೇಷಣ ಬೇಡ. ಹೆಸರು, ವರ್ಷ, ಏನು ಮಾಡಿದರು, ಯಾರಿಗೆ ಏನಾಯಿತು, ಯಾವ ದಾಖಲೆಯಿಂದ ತಿಳಿಯಿತು ಎಂಬುದನ್ನಷ್ಟೇ ಬರೆಯಿರಿ. ದಾಖಲೆ ಹೇಳಿದ್ದು ಬೇರೆ, ಮನೆಯವರು ಹೇಳಿದ್ದು ಬೇರೆ, ನಾನು ಊಹಿಸಿದ್ದು ಬೇರೆ. ಮೂರನ್ನೂ ಬೇರೆ ಬೇರೆ ಸಾಲಿನಲ್ಲಿಡಿ. ನಮ್ಮ ಪುಸ್ತಕದಲ್ಲಿ ಅಜ್ಜನ ಅಜ್ಜನ ಹೆಸರಿನ ಮುಂದೆ ಏಳು ಸಾಲು ಇದೆ, ಅದರಲ್ಲಿ ಮೂರು ಸಾಲು ಬಂಡಿಯವನದು.

ಎಡೆಯ ಸಂಗತಿ ನಿಮ್ಮ ಮನೆಗೆ ಬಿಟ್ಟದ್ದು. ನಮ್ಮಲ್ಲಿ ಹೊರಗಿನ ಎಲೆಯನ್ನು ಅತ್ತಿಯೇ ಒಳಗೆ ತಂದಳು, ತುಪ್ಪವನ್ನೂ ಬಡಿಸಿದಳು. ಆಮೇಲೆ ಏಳನೆಯ ಎಲೆ ತೊಳೆಯುತ್ತ, "ಆ ಬಂಡಿ ಹೊಡಿಯಾವನ ಹೆಸರೇನೋ?" ಎಂದು ಕೇಳಿದಳು. ಕೈದಿಗಳ ಪಟ್ಟಿಯಲ್ಲಿ ಸತ್ತವನ ಹೆಸರಿರಲಿಲ್ಲ. ಸೆಷನ್ಸ್ ತೀರ್ಪು ಸಿಕ್ಕರೆ ಅದರಲ್ಲಿ ಇರುತ್ತದೆ, ಅದಕ್ಕಾಗಿ ಮುಂದಿನ ತಿಂಗಳು ಮತ್ತೆ ಮುಂಬೈಗೆ ಹೋಗುತ್ತಿದ್ದೇನೆ. ಈ ಸಲ ಕಾಕಾ ಕೂಡ ಬರುತ್ತಾರಂತೆ, ಅವರಿಗೆ ಮೋಡಿ ಓದಲು ಬರುತ್ತದೆ.